ಫ್ರಿಜ್ಜಿನಲ್ಲಿ ಮಲಗಿದ್ದ ಆಮೆ

ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಹತ್ತಿರ ಒಂದು ಆಮೆಯಿದೆ. ಗಂಡ ತೀರಿಕೊಂಡ ಮೇಲೆ ಅವರು ದಿನವೂ ಮಾತಾಡಿಸುವುದು ಅದನ್ನೇ. ಸೊಂಟದ ಆಪರೇಷನ್ ಆಗಿ ತಂಗಿಯ ಮನೆಗೆ ಹೊರಟಾಗ, ಚಳಿಗಾಲದ ನಿದ್ದೆಗೆ ಜಾರಿದ್ದ ಆಮೆಯನ್ನು ಡಬ್ಬಿಯ ಸಮೇತ ನನಗೆ ಒಪ್ಪಿಸಿದರು. ಮನೆಯೊಳಗಿನ ಬಿಸಿಗೆ ಅದು ಅರೆಬರೆ ಎಚ್ಚರಗೊಂಡು ಸೊರಗುತ್ತದೆ, ಹೊರಗಿಟ್ಟರೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಫ್ರಿಜ್ಜಿನ ಹದವಾದ ತಂಪೇ ಅದಕ್ಕೆ ಕ್ಷೇಮ.

"ದಿನಾ ಒಂದು ಸಲ ಬಾಗಿಲು ತೆಗೆದು ಗಾಳಿ ಆಡಿಸಿ, ಥರ್ಮಾಮೀಟರ್ ನೋಡಿ," ಎಂದರು.

ನನ್ನ ಗಂಡ ಮುಖ ಸಿಂಡರಿಸಿದರು. "ಏನೇ ಇದು, ದೋಸೆ ಹಿಟ್ಟಿನ ಪಕ್ಕ ಆಮೆ ಇಡೋದಾ?"

ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಡಬ್ಬಿಯನ್ನು ಗ್ಯಾರೇಜಿನ ಹಳೆಯ ಫ್ರಿಜ್ಜಿಗೆ ಸಾಗಿಸಿದೆ. ಮೊದಮೊದಲು ತಪ್ಪದೆ ಹೋಗಿ ನೋಡುತ್ತಿದ್ದೆ. ಜನವರಿಯಲ್ಲಿ ಕೊರೆಯುವ ಚಳಿ ಬಿತ್ತು. ಬೆಳಿಗ್ಗೆ ರೈಲು ಹಿಡಿಯುವ ಗಡಿಬಿಡಿ, ಅಂಗಳದ ತುಂಬ ಜಾರುವ ಮಂಜುಗಡ್ಡೆ. 'ನಾಳೆ ನೋಡಿದರಾಯಿತು' ಎಂದು ದಿನಗಳನ್ನು ದೂಡಿದೆ.

ಆ ಶನಿವಾರ ಬಾಗಿಲು ತೆಗೆದಾಗ ಥರ್ಮಾಮೀಟರ್ ಸೊನ್ನೆಗಿಂತ ಕೆಳಗಿತ್ತು. ಹಿಂದೆ ನಿಂತಿದ್ದ ಮಗಳು ಕೇಳಿದಳು: "ಅಮ್ಮಾ, ಈಸ್ ಹೀ ಡೆಡ್?"

ಡಬ್ಬಿಯನ್ನು ಎದೆಗವಚಿಕೊಂಡು ಪಶುವೈದ್ಯೆಯ ಬಳಿಗೆ ಓಡಿದೆ.

ಅವರು ಅದನ್ನು ನಿಧಾನವಾಗಿ ಬೆಚ್ಚಗೆ ಮಾಡಿದರು. ಜೀವವಿತ್ತು. "ಫ್ರಿಜ್ ತಂಪು ಮಾಡುತ್ತದೆ, ಬಿಸಿ ಮಾಡುವುದಿಲ್ಲ. ಗ್ಯಾರೇಜೇ ಹೆಪ್ಪುಗಟ್ಟಿದರೆ ಅದೇನು ಮಾಡೀತು?" ಎಂದರು. ಆ ಚಳಿಗೆ ಆಮೆಯ ಕಣ್ಣಿಗೆ ಪೆಟ್ಟಾಗಿತ್ತು. ದೃಷ್ಟಿ ಮರಳಬಹುದು, ಮರಳದೆಯೂ ಇರಬಹುದು.

ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಏನಾದರೂ ತಿಂತಾ?" ಎಂದರಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅದನ್ನು ಮತ್ತೆ ಮಲಗಿಸುವಂತಿರಲಿಲ್ಲ. ಬಿಸಿ ದೀಪದ ಕೆಳಗಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ಎಲೆಯನ್ನು ಬಾಯಿಗೆ ತಾಗಿಸಿ ತಿನ್ನಿಸಿದೆ. ನನ್ನ ಗಂಡ ಅಂಗಡಿ ಅಂಗಡಿ ಅಲೆದು ಅದಕ್ಕೆ ಒಗ್ಗುವ ಸೊಪ್ಪು ತಂದರು.

ಅಜ್ಜಿ ವಸಂತದಲ್ಲಿ ಕೋಲೂರಿಕೊಂಡು ಮರಳಿದರು. ಹುಲ್ಲಿನ ಮೇಲೆ ಬಿಟ್ಟ ಆಮೆ ನಾಲ್ಕು ಹೆಜ್ಜೆ ನಡೆದು ಹೂಕುಂಡಕ್ಕೆ ಡಿಕ್ಕಿ ಹೊಡೆಯಿತು. ಹಿಂದೆ ಸರಿದು ಮತ್ತೆ ಅದಕ್ಕೇ ಹೊಡೆಯಿತು. ನಾನು ತಲೆ ತಗ್ಗಿಸಿದೆ.

"ಅವನು ಮೊದಲಿಂದಲೂ ಹಾಗೇ, ದಾರಿ ನೋಡಿ ನಡೆಯೋನೇ ಅಲ್ಲ," ಎಂದು ಅಜ್ಜಿ ನಕ್ಕರು.

ವರ್ಷಗಟ್ಟಲೆ ಬೇಲಿಯಾಚೆಯಿಂದ ಅದನ್ನು ನೋಡಿದವಳು ನಾನು. ಕುಂಡಗಳ ನಡುವೆ ಅದು ಎಷ್ಟು ಲೀಲಾಜಾಲವಾಗಿ ನುಸುಳುತ್ತಿತ್ತು ಎಂದು ನನಗೆ ಗೊತ್ತಿತ್ತು.