ಗಾಜು ಏರಿಸಿದ ಜೀಪು

ನನಗೆ ಮೆತ್ತನೆಯ ಸೀಟು ಇಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಚ್ಚಾ ರಸ್ತೆಗೆ ಬಿಡುವ ಗಾಡಿ ಒರಟಾಗಿಯೇ ಇರಬೇಕು, ಅದಕ್ಕೆ ಗಾದಿ, ಗಾಜು ಎಲ್ಲ ಯಾತಕ್ಕೆ ಎಂದು ಭಾಷಣ ಬಿಗಿಯುವವರನ್ನು ಕಂಡರೆ, ಇವರು ದೇವದುರ್ಗದಿಂದ ಮಾನ್ವಿಗೆ ಹಳೇ ಜೀಪಿನಲ್ಲಿ ಒಮ್ಮೆಯೂ ಹೋಗಿಲ್ಲ ಅಂದುಕೊಳ್ಳುತ್ತೇನೆ. ನಾನು ಹೋಗಿದ್ದೇನೆ. ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದಲ್ಲಿ ಸಣ್ಣ ಅಧಿಕಾರಿಯಾಗಿದ್ದಾಗ, ವಾರಕ್ಕೆರಡು ಸಲ. ಮನೆಗೆ ಬಂದರೆ ಕೂರಲಾಗದೆ ನಿಂತೇ ಉಣ್ಣುತ್ತಿದ್ದೆ.

ಆ ಜೀಪಿಗೆ ಬಾಗಿಲಿರಲಿಲ್ಲ, ಮೇಲೊಂದು ತಾಡಪತ್ರಿ ಅಷ್ಟೆ. ಸ್ವಲ್ಪ ದೂರ ಓಡಿದರೆ ರೇಡಿಯೇಟರು ಕುದಿಯುತ್ತಿತ್ತು. ಹಾಗಾಗಿ ಡ್ರೈವರ್ ಖಾದರಸಾಬ್ ಪ್ರತಿ ಹಳ್ಳದ ದಂಡೆಗೆ ಎಂಜಿನ್ ಆರಿಸಿ, ಡಬ್ಬಿ ಹಿಡಿದು ಇಳಿಯುತ್ತಿದ್ದ. ನೀರು ತುಂಬಿದ ಮೇಲೂ ಒಂದು ಬೀಡಿ ಮುಗಿಯುವಷ್ಟು ಹೊತ್ತು ಹಳ್ಳದ ಮೇಲುಗಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ನಾನು ಸಿಡುಕಿದರೆ, “ಗಾಡಿ ನೀರು ಕುಡೀತದ, ನಾನು ಹಳ್ಳ ಏನಂತದ ಕೇಳ್ತೀನಿ. ನಿಮಗೇನ್ ತ್ರಾಸು ಸಾಹೇಬ್ರ?” ಎನ್ನುತ್ತಿದ್ದ. ಸೋಮಾರಿತನಕ್ಕೆ ಎಂಥ ಚೆಂದದ ಹೆಸರಿಟ್ಟಿದ್ದಾನೆ ಎಂದು ನಗುತ್ತಿದ್ದೆ.

ಮೇಲಿನವರಿಗೆ ಪತ್ರದ ಮೇಲೆ ಪತ್ರ ಬರೆದು, ಎಂಬತ್ತರ ದಶಕದಲ್ಲಿ ಹೊಸ ಜೀಪು ತರಿಸಿದೆ. ಕಬ್ಬಿಣದ ಮಾಡು, ಬಾಗಿಲು, ಗಾಜು, ಗಾದಿ! ಕುದಿಯುವ ಮಾತೇ ಇಲ್ಲ. ಇನ್ನು ಮುಂದೆ ಹಳ್ಳದಲ್ಲಿ ನಿಲ್ಲಿಸಕೂಡದು ಎಂದು ಖಾದರಸಾಬ್‌ಗೆ ತಾಕೀತು ಮಾಡಿದೆ. ಅದರಲ್ಲಿ ಮೊದಲು ಕರೆದೊಯ್ದದ್ದು ತುಂಬು ಬಸುರಿ ಹೆಂಡತಿಯನ್ನು, ರಾಯಚೂರಿನ ಆಸ್ಪತ್ರೆಗೆ. ಸರ್ಕಾರಿ ಗಾಡಿಯಲ್ಲಿ ಸ್ವಂತ ಕೆಲಸ, ಬೈಯುವುದಾದರೆ ಬೈದುಕೊಳ್ಳಿ.

ಶ್ರಾವಣದ ನಡುಮಧ್ಯಾಹ್ನ, ಮೋಡದ ಸುಳಿವಿಲ್ಲ. ಗಬ್ಬೂರು ದಾಟಿ ಹಳ್ಳಕ್ಕೆ ಬಂದೆವು. ಪಾದ ಮುಳುಗುವಷ್ಟು ನೀರು. ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಕೈ ಎತ್ತಿ ನಿಂತಿದ್ದಳು. ನಮ್ಮ ಕಡೆ ಸರ್ಕಾರಿ ಜೀಪಿಗೆ ಕೈ ಎತ್ತಿದರೆ ಅರ್ಥ ಒಂದೇ: ನನ್ನನ್ನೂ ಕರೆದುಕೊಂಡು ಹೋಗಿ. ಉತ್ತರವೂ ಒಂದೇ: ಅಂಗೈ ತಿರುವಿ ಜಾಗವಿಲ್ಲ ಎನ್ನುವುದು. ನಾನೂ ತಿರುವಿದೆ. ಅವಳು ಕೈ ಇಳಿಸಲಿಲ್ಲ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಒಳಗೆ ಒಂದು ಸದ್ದಿಲ್ಲ. ನಾನೇ ಅರ್ಜಿ ಹಾಕಿ ಪಡೆದ ನಿಶ್ಶಬ್ದ ಅದು. ಅವಳಿಗೆ ನೆರಳಿರಲಿಲ್ಲ ಎಂದು ಆಮೇಲೆ ನೆನಪಾಯಿತು. ನೆತ್ತಿಯ ಮೇಲೆ ಸೂರ್ಯ ಇದ್ದಾಗ ಯಾರಿಗೆ ತಾನೆ ನೆರಳು ಎಂದು ಈಗಲೂ ಸಮಾಧಾನ ಹೇಳಿಕೊಳ್ಳುತ್ತೇನೆ.

ಮುಂದಿನ ಗಾಲಿಗಳು ನೀರಿಗಿಳಿದಿದ್ದವು. ಹಿಂದಿನಿಂದ ಹೆಂಡತಿ ನನ್ನ ಭುಜ ಹಿಡಿದು ಕಿರುಚಿದಳು: “ರೀ, ನಿಲ್ಲಸ್ರಿ! ಆಕಿ ಬ್ಯಾಡ ಅನ್ನಾಕತ್ತಾಳ!”

ಖಾದರಸಾಬ್ ಗಕ್ಕನೆ ನಿಲ್ಲಿಸಿ, ಹಳೇ ರೂಢಿಯಂತೆ ಎಂಜಿನ್ ಆರಿಸಿ ಬಾಗಿಲು ತೆರೆದ. ಹೊರಗೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಹಳ್ಳದ ಮೇಲುಗಡೆಯಿಂದ, ನೂರು ಬಂಡಿ ಒಮ್ಮೆಗೇ ಹೊರಟ ಹಾಗೆ ಸದ್ದು. “ಯಾ ಅಲ್ಲಾ” ಎಂದವನೇ ಗಾಡಿ ಹಿಂದಕ್ಕೆ ತೆಗೆದ. ಹೊಸ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಹಳೆಯದಾಗಿದ್ದರೆ ಹ್ಯಾಂಡಲ್ ತಿರುವುತ್ತಲೇ ತೇಲಿಹೋಗುತ್ತಿದ್ದೆವು. ಅದನ್ನೂ ಹೇಳಬೇಕು ನೋಡಿ. ದಂಡೆ ಹತ್ತಿದೆವೋ ಇಲ್ಲವೋ, ಕೆಂಪು ನೀರು ಒಂದು ಜಾಲಿಮರವನ್ನು ನಿಂತಂತೆಯೇ ಹೊತ್ತು ತಂದು, ನಾವಿದ್ದ ಜಾಗವನ್ನು ನುಂಗಿತು. ಎಲ್ಲೋ ದೂರ ಸುರಿದ ಮಳೆ.

ಆಚೆ ದಂಡೆಯಲ್ಲಿ ಯಾರೂ ಇರಲಿಲ್ಲ.

ಗಬ್ಬೂರಿಗೆ ಮರಳಿದೆವು. ಅಲ್ಲಿಯ ಸೂಲಗಿತ್ತಿಯ ಮನೆಯಲ್ಲೇ ಸಂಜೆ ಮಗಳು ಹುಟ್ಟಿದಳು. ಮುದುಕಿಯ ವಿಷಯ ಕೇಳಿದ ಸೂಲಗಿತ್ತಿ, “ಆ ದಂಡಿಗೆ ಯಾರ ಮನಿನೂ ಇಲ್ರಿ ಯಪ್ಪಾ” ಎಂದಳು. ಹೆಂಡತಿ ಮಾತ್ರ ಅಚ್ಚರಿಯಿಂದ ನನ್ನನ್ನೇ ನೋಡಿದಳು: “ಬರಬ್ಯಾಡ ಮಗಳ ಅಂತ ಒದರಾಕತ್ತಿದ್ಲಲ್ರಿ. ನಿಮಗ ಕೇಳಲಿಲ್ಲೇನು?”

ಗಾಜುಗಳನ್ನೆಲ್ಲ ಪೂರಾ ಏರಿಸಿದ್ದೆವು.

ಈಗಲೂ ಕೇಳಿದರೆ ನನ್ನ ಮತ ಮೆತ್ತನೆಯ ಸೀಟಿಗೇ. ಆದರೆ ದಾರಿಯಲ್ಲಿ ಯಾರೇ ಕೈ ಎತ್ತಲಿ, ಮೊದಲು ಗಾಜು ಇಳಿಸುತ್ತೇನೆ, ಆಮೇಲೆ ಜಾಗವಿಲ್ಲ ಅನ್ನುತ್ತೇನೆ. “ರಾಯಚೂರಿಗೆ ಹೊಂಟೀರೇನ್ರಿ?” ಎಂದು ಕೇಳಿದರೆ ಎದೆ ಹಗುರಾಗುತ್ತದೆ. ಆ ಹಳ್ಳಕ್ಕೆ ಬಂದಾಗ ಎಂಜಿನ್ ಆರಿಸಿ ನಾನೂ ಕಿವಿಗೊಡುತ್ತೇನೆ. ನನಗೆ ನೀರಿನ ಸದ್ದಷ್ಟೇ ಕೇಳಿಸುತ್ತದೆ. ಹೆಂಡತಿ ಗಾಜು ಇಳಿಸಿ, ಯಾರೂ ಇಲ್ಲದ ದಂಡೆಯ ಕಡೆ ತಿರುಗಿ, “ಬರೂಣೇನ್ ಯವ್ವಾ?” ಎಂದು ಕೇಳುತ್ತಾಳೆ. ದಂಡೆಯತ್ತ ಕಿವಿಯೊಡ್ಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, “ಹೂಂ, ನಡೀರಿ” ಎನ್ನುತ್ತಾಳೆ.