ಕರ್ಪೂರ ತಾಗಿದ ಪಾಸ್‌ಪೋರ್ಟು

ಮಸ್ಕತ್ತಿನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಆ ಕ್ರೇನ್ ಆಪರೇಟರ್ ಹಲಗೂರು ಕಡೆಯವರು. ಮಾತಿಗೆ ಮುಂಚೆ ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದರು. ನಾನು ಮದ್ದೂರಿನವನು, ಎಲ್ಲದಕ್ಕೂ ಪುರಾವೆ ಕೇಳುವವನು. ನನ್ನ ವಾದಕ್ಕೆಲ್ಲ ಅವರದು ಒಂದೇ ಉತ್ತರ: "ಇರ್ಲಿ ಬುಡ್ಲಾ."

ಆಯುಧಪೂಜೆಯ ದಿನ ಅವರು ಪಾಸ್‌ಪೋರ್ಟಿನ ಫೋಟೊ ಹಾಳೆ ತೆರೆದಿಟ್ಟು, ಕುಂಕುಮ ಹಚ್ಚಿ, ಕರ್ಪೂರ ಬೆಳಗಿದರು.

"ಇದ್ಯಾವ ಆಯುಧ ಅಣ್ಣ?"

"ಅನ್ನ ಕೊಡೋದೆಲ್ಲ ಆಯುಧನೇ ಕಣ್ಲಾ. ನೇಗ್ಲಿಗೆ ಕುಂಕ್ಮ ಇಡಲ್ವಾ?"

ಅಷ್ಟರಲ್ಲಿ ಉರಿಯುವ ಕರ್ಪೂರ ತಟ್ಟೆಯಿಂದ ಜಾರಿ, ಹಾಳೆಯ ಕೆಳಗೆ ಯಂತ್ರ ಓದುವ ಸಾಲನ್ನು ಕರಗಿಸಿಬಿಟ್ಟಿತು. ಈಗಲೇ ಬದಲಾಯಿಸಿ ಎಂದೆ. "ಇರ್ಲಿ ಬುಡ್ಲಾ" ಎಂದರು.

ಬೇಸಿಗೆಯಲ್ಲಿ ಅವರ ಅವ್ವ ತೀರಿಕೊಂಡರು. ಇವರು ಹಿರೀಮಗ, ಊರವರು ಇವರಿಗಾಗಿ ಹೆಣ ಇಟ್ಟುಕೊಂಡು ಕಾಯುತ್ತಿದ್ದರು. ಆ ಪಾಸ್‌ಪೋರ್ಟು ನಡೆಯುವುದಿಲ್ಲವೆಂದು ಏರ್‌ಪೋರ್ಟಿನಲ್ಲಿ ವಾಪಸ್ ಕಳಿಸಿದರು. ಇಬ್ಬರೂ ರಾಯಭಾರ ಕಚೇರಿಗೆ ಹೋದೆವು. ಇಸ್ತ್ರಿಪೆಟ್ಟಿಗೆ ತಗುಲಿತು ಅಂತ ಹೇಳಿ ಎಂದು ದಾರಿಯುದ್ದಕ್ಕೂ ಕಲಿಸಿಕೊಟ್ಟಿದ್ದೆ.

"ಏನಾಯಿತು ಇದಕ್ಕೆ?" ಎಂದು ಕೌಂಟರಿನವರು ಕೇಳಿದರು.

"ಪೂಜೆ ಮಾಡ್ದೆ ಸಾರ್."

ಕೌಂಟರಿನವರು ನಗಲಿಲ್ಲ. ಹೊಸ ಪಾಸ್‌ಪೋರ್ಟಿಗೆ ದಿನಗಳು ಬೇಕು, ಊರಿಗೆ ಹೋಗಲು ತುರ್ತು ಕಾಗದ ನಾಳೆ ಕೊಡಬಹುದು ಎಂದರು.

ಹೊರಗೆ ಬರುತ್ತಲೇ ಊರಿನಿಂದ ಅವರ ತಮ್ಮನ ವಿಡಿಯೊ ಕಾಲ್ ಬಂತು. "ಅಣ್ಣೋ, ಬಿಸ್ಲು ಜಾಸ್ತಿ. ನಾಳೆಗಂಟ ಇಡಕ್ಕಾಗಲ್ಲ. ಮಣ್ಣು ಮಾಡ್ಬುಡದಾ?"

ಅವರು ಕಾಂಪೌಂಡಿನ ಗೋಡೆಗೆ ಒರಗಿ ಅಂಗೈಯನ್ನು ತೊಡೆಗೆ ಒರೆಸಿಕೊಂಡರು.

"ಮಾಡ್ಬುಡ್ರಪ್ಪ" ಎಂದರು. ಆಮೇಲೆ, "ಮೊಖ ಮುಚ್ಚೋಗಂಟ ಫೋನು ಇಡ್ಬ್ಯಾಡ ಕಣ್ಲಾ. ಏನೂ ಮಾತಾಡ್ಬ್ಯಾಡ. ಸುಮ್ಕೆ ತೋರ್ಸು."