ಗೋಡೆಯ ಮೇಲಿನ ಹೆಗಲ ಗುರುತು

ಕಲೆ ಬಂದ ಮೇಲೆ ಬಂದರಿನ ಬದಿಯ ಮಟ್ಟಾಂಚೇರಿಯ ಹಳೆ ಗೋದಾಮುಗಳಿಗೆ ಜೀವ ಬಂತು ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ಅದಕ್ಕೆ ಮೊದಲು ಅಲ್ಲಿದ್ದದ್ದೇನು?

ಮೊನ್ನೆ ಅಂಥದ್ದೊಂದು ಗೋದಾಮಿನಲ್ಲಿ ಚಿತ್ರಪ್ರದರ್ಶನಕ್ಕೆಂದು ಗೋಡೆಗಳಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಉಸ್ತುವಾರಿ ನನ್ನ ಗೆಳತಿ, ಆರ್ಕಿಟೆಕ್ಟ್ ರೇಷ್ಮಾಳದು. ಬಾಗಿಲ ಪಕ್ಕದ ಗೋಡೆಯ ಸರದಿ ಬಂದಾಗ ಎಲ್ಲರೂ ಅಣ್ಣ ಎಂಬರ್ಥದಲ್ಲಿ ಚೇಟ್ಟ ಎಂದು ಕರೆಯುವ ಮುದಿ ಕಾವಲುಗಾರ ವರ್ಗೀಸ್ ಅಡ್ಡ ನಿಂತರು. ಅವರ ಹಿಂದೆ, ಹೆಗಲೆತ್ತರದಲ್ಲಿ, ಕಪ್ಪಗೆ ಹೊಳೆಯುವ ಉದ್ದನೆಯ ಪಟ್ಟಿಯೊಂದಿತ್ತು.

"ಇದು ಕೊಳೆಯಲ್ಲ ಮೋಳೇ," ಎಂದು ಮಗಳಿಗೆ ಹೇಳುವಂತೆ ರೇಷ್ಮಾಳಿಗೆ ಹೇಳಿ, ಅವರು ತಮ್ಮ ಹೆಗಲನ್ನು ಪಟ್ಟಿಗೆ ಆನಿಸಿದರು. ಅಳತೆ ಸರಿಯಾಗಿ ಕೂತಿತು. ಕಾಳುಮೆಣಸಿನ ಮೂಟೆ ಹೊತ್ತು ಇಕ್ಕಟ್ಟಿನ ಆ ಬಾಗಿಲಲ್ಲಿ ನುಸುಳುತ್ತಿದ್ದ ಹಮಾಲಿಗಳೆಲ್ಲ ವರ್ಷಗಟ್ಟಲೆ ಹೆಗಲು ಉಜ್ಜಿ ಮೂಡಿಸಿದ ಗುರುತಂತೆ ಅದು. ಅವರಲ್ಲಿ ಉಳಿದಿರುವುದು ಇವರೊಬ್ಬರೇ.

"ಇಲ್ಲಿ ಚಿತ್ರ ತೂಗುಹಾಕಬೇಕು, ಚೇಟ್ಟಾ," ಎಂದಳು ರೇಷ್ಮಾ.

"ಚಿತ್ರ ಆಚೆ ಗೋಡೆಗೂ ಹೋಗುತ್ತೆ. ನಮ್ಮ ಹೆಗಲು ಎಲ್ಲಿಗೆ ಹೋಗಬೇಕು?"

ಸ್ವಲ್ಪ ಹೊತ್ತಿಗೆ ಚೇಟ್ಟ ತಾವೇ ಪಕ್ಕಕ್ಕೆ ಸರಿದರು. ಸಂಜೆಯೊಳಗೆ ಗೋಡೆ ಪೂರ್ತಿ ಬೆಳ್ಳಗಾಯಿತು.

ಸಾಮಾನ್ಯವಾಗಿ ವಾದಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲುವವಳು ನಾನು. ಅಂದು ಅಲ್ಲೇ ಇದ್ದೂ ಬಾಯಿ ಬಿಡಲಿಲ್ಲ. ಈಗ ಕೇಳುತ್ತಿದ್ದೇನೆ: ರೇಷ್ಮಾ, ಬಣ್ಣದವರನ್ನು ಆ ಗೋಡೆಗೆ ಕರೆಯುವ ಮೊದಲು ನೀನೂ ಆ ಪಟ್ಟಿಯ ಮೇಲೆ ಒಮ್ಮೆ ಮೆಲ್ಲನೆ ಕೈಯಾಡಿಸಿದ್ದನ್ನು ನಾನು ನೋಡಿದೆ. ಮತ್ತೇಕೆ ಬಳಿಸಿದೆ?